ಪಾಲು ಉಂಟು, ಲೆಕ್ಕ ಎಲ್ಲುಂಟು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಯಾವುದಾದರೂ ಹಳೇ ಗುತ್ತಿನ ಮನೆಗೆ ಹೋಗಿ "ಇದು ಯಾರದ್ದು?" ಅಂತ ಕೇಳಿ ನೋಡಿ. ಒಬ್ಬರ ಹೆಸರು ಹೇಳುವುದು ಅಪರೂಪ. "ಕುಟುಂಬದ್ದು" ಅಂತಾರೆ. ಕುಟುಂಬ ಅಂದರೆ ಎಷ್ಟು ಜನ ಅಂತ ಕೇಳಿದರೆ ಸ್ವಲ್ಪ ಹೊತ್ತು ಲೆಕ್ಕ ಹಾಕಬೇಕಾಗ್ತದೆ. ಊರಲ್ಲಿರುವವರು, ಮುಂಬೈಯಲ್ಲಿರುವವರು, ದುಬೈಗೆ ಹೋದವರು, ಹೆಸರು ಮರೆತುಹೋದ ದೊಡ್ಡಮ್ಮನ ಮೊಮ್ಮಕ್ಕಳು. ಹಾಗಾದರೆ ಇದರಲ್ಲಿ ನಿಮ್ಮ ಪಾಲು ಎಷ್ಟು ಅಂತ ಮೂರನೇ ಪ್ರಶ್ನೆ ಕೇಳಿದರೆ ಹೆಚ್ಚಿನವರು ನಕ್ಕು ಸುಮ್ಮನಾಗ್ತಾರೆ. ಕೆಲವರು ವಕೀಲರ ನಂಬರ್ ಕೊಡ್ತಾರೆ.

ಈ ಮೂರನೇ ಪ್ರಶ್ನೆ ಈಗ ಹೊಸ ವೇಷ ಹಾಕಿಕೊಂಡು ನಮ್ಮೂರಿಗೆ ಬಂದಿದೆ. ಹಾಲಿಡೇ ಮೆಂಬರ್‌ಶಿಪ್ ಅಂತ ಹೆಸರು. ಲಕ್ಷಗಟ್ಟಲೆ ಹಣ ಕೊಟ್ಟರೆ ನಿಮಗೆ ಇಂಥದ್ದೇ ಅನ್ನುವ ಒಂದು ಕೋಣೆ ಸಿಗುವುದಿಲ್ಲ, ಇಂಥದ್ದೇ ಅನ್ನುವ ಒಂದು ವಾರವೂ ಸಿಗುವುದಿಲ್ಲ. ವರ್ಷಕ್ಕೆ ಇಷ್ಟು ಅಂತ ಪಾಯಿಂಟ್ ಸಿಗ್ತದೆ. ಆ ಪಾಯಿಂಟ್ ಖರ್ಚು ಮಾಡಿ ಕಂಪೆನಿಯ ಯಾವುದೋ ರೆಸಾರ್ಟ್‌ನಲ್ಲಿ, ಖಾಲಿ ಇದ್ದಾಗ, ಉಳಿದುಕೊಳ್ಳಬಹುದು. ಇದು ಮೋಸವೋ ಅಲ್ಲವೋ ಅಂತ ನನ್ನನ್ನು ಕೇಳಿದವರಿದ್ದಾರೆ. ಎಲ್ಲವೂ ಮೋಸ ಅಂತ ಹೇಳಲಿಕ್ಕೆ ಆಗುವುದಿಲ್ಲ. ಆದರೆ ನೂರಾರು ಜನ ಒಂದೇ ಆಸ್ತಿಗೆ ಹಕ್ಕುದಾರರು, ಅಳತೆಗೋಲು ಮಾತ್ರ ಒಬ್ಬನ ಕೈಯಲ್ಲಿ ಅನ್ನುವ ವ್ಯವಸ್ಥೆ ತುಳುನಾಡಿನವರಿಗೆ ಹೊಸತಲ್ಲ. ಅದರ ಗಂಟು ಬಿಡಿಸಲಿಕ್ಕೆ ನಮ್ಮ ಕೋರ್ಟು, ಶಾಸನಸಭೆಗಳಿಗೆ ಸುಮಾರು ನೂರು ವರ್ಷ ಹಿಡಿಯಿತು. ಆ ಕಥೆ ಗೊತ್ತಿದ್ದರೆ ಪಾಯಿಂಟ್‌ನ ಕಥೆ ಬೇಗ ಅರ್ಥ ಆಗ್ತದೆ.

ಅಳಿಯಸಂತಾನದ ಮೂಲಕ್ಕೆ ಭೂತಾಳ ಪಾಂಡ್ಯನ ಕಥೆ ಹೇಳುವುದು ವಾಡಿಕೆ. ದೇವ ಪಾಂಡ್ಯನ ಹಡಗಿಗೆ ಕುಂಡೋದರ ಭೂತ ಬಲಿ ಕೇಳಿತು, ಹೆಂಡತಿ ಮಗನನ್ನು ಕೊಡಲು ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬಂದಳು. ಭೂತ ಮೆಚ್ಚಿ ಹುಡುಗನನ್ನು ಬಿಟ್ಟಿತು, ಅವನೇ ಭೂತಾಳ ಪಾಂಡ್ಯನಾದ, ಆಸ್ತಿ ಮಗನಿಗಲ್ಲ ಅಳಿಯನಿಗೆ ಅಂತ ಕಟ್ಟಳೆ ಮಾಡಿದ. ಕಥೆ ಚೆಂದ ಉಂಟು. ಈ ಪಾಂಡ್ಯನ ಹೆಸರಿನಲ್ಲಿ 'ಅಳಿಯಸಂತಾನದ ಕಟ್ಟುಕಟ್ಟಳೆ' ಅಂತ ಒಂದು ಬರಹವೂ ಚಲಾವಣೆಯಲ್ಲಿತ್ತು. ಮಂಗಳೂರಿನಲ್ಲಿ ಜಡ್ಜ್ ಆಗಿದ್ದ ವಿದ್ವಾಂಸ ಎ. ಸಿ. ಬರ್ನೆಲ್ ಅದನ್ನು ಖೋಟಾ ಅಂತ ತಳ್ಳಿಹಾಕಿದ. ಬರಹ ಖೋಟಾ ಆದರೂ ಪದ್ಧತಿ ಖೋಟಾ ಅಲ್ಲವಲ್ಲ. ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿನ ಜೈನರಲ್ಲಿ ಅನೇಕರು ಹಾಗೆಯೇ ಬದುಕಿದರು. ಮೂಡುಬಿದಿರೆಯ ಚೌಟರು, ನಂದಾವರ ಮತ್ತು ಬಂಗಾಡಿಯ ಬಂಗರು, ವೇಣೂರಿನ ಅಜಿಲರು ಸಿಂಹಾಸನವನ್ನೇ ಹಾಗೆ ದಾಟಿಸಿದರು. ಉಳ್ಳಾಲದ ಅಬ್ಬಕ್ಕ ರಾಣಿಯಾದದ್ದು ಸೋದರಮಾವ ತಿರುಮಲರಾಯ ಚೌಟನ ನಂತರ.

ಕುಟುಂಬದ ಆಸ್ತಿ ನಡೆಯುತ್ತಿದ್ದದ್ದು ಹೀಗೆ. ಒಬ್ಬ ತಾಯಿಯಿಂದ ಹೆಣ್ಣುಮಕ್ಕಳ ಸಾಲಿನಲ್ಲಿ ಹುಟ್ಟಿದವರೆಲ್ಲ ಸದಸ್ಯರು. ಹುಟ್ಟಿದ ಕೂಡಲೇ ಹಕ್ಕು ಬರ್ತದೆ. ಆಸ್ತಿ ನೋಡಿಕೊಳ್ಳುವವರು ಯಜಮಾನ, ಹೆಂಗಸಾದರೆ ಯಜಮಾನ್ತಿ. ಹಿರಿಯರು ಯಾರೋ ಅವರೇ. ಹೆಂಗಸೂ ಯಜಮಾನಿಕೆ ಮಾಡಬಹುದಿತ್ತು ಅನ್ನುವುದನ್ನು ಮರೆಯಬಾರದು, ಆ ಕಾಲದ ಬೇರೆ ಕಡೆಯ ಕಾನೂನುಗಳ ಎದುರು ಇದು ದೊಡ್ಡ ಮಾತು. ಎಲ್ಲರಿಗೂ ಊಟ, ಬಟ್ಟೆ, ಇರಲಿಕ್ಕೆ ಜಾಗ. ಹೆಣ್ಣುಮಗಳನ್ನು ಗಂಡ ಬಿಟ್ಟರೂ, ಗಂಡ ಸತ್ತರೂ ಅವಳು ಬೀದಿಗೆ ಬೀಳುತ್ತಿರಲಿಲ್ಲ. ಅವಳ ಮನೆ ಅವಳದ್ದೇ.

ಆದರೆ "ನನ್ನ ಪಾಲು ನನಗೆ ಕೊಡಿ, ನಾನು ಹೋಗ್ತೇನೆ" ಅಂತ ಹೇಳುವ ಹಾಗಿರಲಿಲ್ಲ. 1863ರಲ್ಲಿ ಮದರಾಸು ಹೈಕೋರ್ಟು, ಕಾನೂನು ಪುಸ್ತಕಗಳಲ್ಲಿ 'ಮುಂಡ ಚೆಟ್ಟಿ' ಪ್ರಕರಣ ಅಂತ ಕರೆಯುವ ತೀರ್ಪಿನಲ್ಲಿ, ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯ ಒತ್ತಾಯದಿಂದ ಪಾಲು ಮಾಡಿಸುವಂತಿಲ್ಲ ಅಂತ ಹೇಳಿತು. ಎಲ್ಲರೂ ಒಪ್ಪಿದರೆ ಮಾಡಿಕೊಳ್ಳಿ. ಒಬ್ಬ ಒಪ್ಪದಿದ್ದರೆ ಮುಗಿಯಿತು. ಎಲ್ಲರೂ ಎಲ್ಲದಕ್ಕೂ ಒಡೆಯರು, ಯಾರೂ ಯಾವುದಕ್ಕೂ ಒಡೆಯರಲ್ಲ.

ಈ ತೀರ್ಪನ್ನು ಬ್ರಿಟಿಷರ ಮೂರ್ಖತನ ಅಂತ ನಾನು ಹೇಳುವುದಿಲ್ಲ. ಗುತ್ತಿನ ಮನೆ, ದೈವಸ್ಥಾನ, ನಾಗಬನ, ಕಂಬಳದ ಗದ್ದೆ ಇವನ್ನು ಹದಿನೇಳು ತುಂಡು ಮಾಡಿದರೆ ಏನು ಉಳೀತದೆ? ಇನ್ನೂ ಹುಟ್ಟದ ಮೊಮ್ಮಗಳಿಗೂ ಅದರಲ್ಲಿ ಹಕ್ಕುಂಟು ಅನ್ನುವ ಲೆಕ್ಕಾಚಾರದಲ್ಲಿ ಅರ್ಥ ಇತ್ತು. ಕಷ್ಟ ಇದ್ದದ್ದು ಬೇರೆ ಕಡೆ. ಹೊರಗೆ ಹೋಗುವ ಬಾಗಿಲು ಮುಚ್ಚಿದ ಮೇಲೆ ಒಳಗಿನ ಲೆಕ್ಕವಾದರೂ ಕಾಣಬೇಕಲ್ಲ? ಅದು ಕಾಣುತ್ತಿರಲಿಲ್ಲ.

ಗದ್ದೆಯಿಂದ ಎಷ್ಟು ಮುಡಿ ಅಕ್ಕಿ ಗೇಣಿ ಬಂತು, ತೀರ್ವೆ ಎಷ್ಟು ಕಟ್ಟಿದರು, ಕೋಲಕ್ಕೆ ಎಷ್ಟು ಹೋಯಿತು, ಕೋರ್ಟಿಗೆ ಎಷ್ಟು ಹೋಯಿತು, ಯಜಮಾನರ ಸ್ವಂತ ಹೆಂಡತಿ ಮಕ್ಕಳ ಮನೆಗೆ ಎಷ್ಟು ಹೋಯಿತು ಅನ್ನುವುದೆಲ್ಲ ಒಬ್ಬರಿಗೇ ಗೊತ್ತು. ಕೊನೆಯದ್ದು ಬಹಳ ಸೂಕ್ಷ್ಮ. ಯಜಮಾನರ ಮಕ್ಕಳು ಕುಟುಂಬಕ್ಕೆ ಸೇರಿದವರಲ್ಲ, ಅವರು ಅವರ ತಾಯಿಯ ಕುಟುಂಬದವರು. ಅಂದರೆ ನಡೆಸುವವರ ಮನಸ್ಸು ಒಂದು ಕಡೆ, ಆಸ್ತಿ ಇನ್ನೊಂದು ಕಡೆ. ಒಳ್ಳೆ ಯಜಮಾನರು ಎಷ್ಟೋ ಜನ ಇದ್ದರು, ಸ್ವಂತ ಮಕ್ಕಳಿಗೆ ಒಂದು ಅಂಗಿ ಕಡಿಮೆ ಮಾಡಿ ಸೋದರಳಿಯಂದಿರನ್ನು ಓದಿಸಿದವರು. ಆದರೆ ಒಳ್ಳೆಯವರೋ ಕೆಟ್ಟವರೋ ಅಂತ ತಿಳಿಯುವ ದಾರಿ ಇರಲಿಲ್ಲ. ಲೆಕ್ಕ ಕೇಳಿದವನಿಗೆ ಮನೆ ಮುರುಕ ಅಂತ ಹೆಸರು. ದುರಾಡಳಿತ ಮಾಡಿದ ಯಜಮಾನರನ್ನು ಕೋರ್ಟು ತೆಗೆದುಹಾಕಬಹುದಿತ್ತು ನಿಜ. ಅದಕ್ಕೆ ಸಾಕ್ಷಿ ಬೇಕು. ಸಾಕ್ಷಿ ಯಜಮಾನರ ಪೆಟ್ಟಿಗೆಯಲ್ಲಿ.

ಅಳತೆಯ ವಿಷಯ ಬಂದಾಗ ಗೇಣಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಇದೂ ನಮ್ಮ ಜಿಲ್ಲೆಯದ್ದೇ ಸರಕು, ಮುಂದೆ ಪಾಯಿಂಟ್ ಅಂದರೇನು ಅಂತ ತಿಳಿಯಲಿಕ್ಕೆ ಬೇಕಾಗ್ತದೆ. ಅಕ್ಕಿಯ ಲೆಕ್ಕ ಇಲ್ಲಿ ಮುಡಿಯಲ್ಲಿ. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಬೈಹುಲ್ಲಿನ ಹಗ್ಗದಲ್ಲಿ ಸುತ್ತಿ ಕಟ್ಟಿದ ಗುಂಡಗಿನ ಅಕ್ಕಿ ಮುಡಿಯನ್ನು ಈಗ ನಾಗರಪಂಚಮಿ ಪೋಸ್ಟರ್‌ನಲ್ಲೋ ಯಾವುದಾದರೂ ಮ್ಯೂಸಿಯಂನಲ್ಲೋ ನೋಡಬೇಕಷ್ಟೆ. ಗೇಣಿಚೀಟಿಯಲ್ಲಿ ಮುಡಿ ಎಷ್ಟು ಅಂತ ಬರೆದಿದ್ದರೂ ಯಾರ ಸೇರಿನಲ್ಲಿ ಅಳೆಯುವುದು ಅಂತ ಜಗಳ. ಧಣಿಗಳ ಮನೆಯ ಸೇರು ಸ್ವಲ್ಪ ದೊಡ್ಡದು ಅನ್ನುವ ದೂರನ್ನು ಹಳಬರ ಬಾಯಲ್ಲಿ ಕೇಳಿದ್ದೇನೆ. ಚೀಟಿಯಲ್ಲಿ ಅಂಕಿ ಬದಲಾಗುವುದಿಲ್ಲ, ಹೊಟ್ಟೆಗೆ ಬರುವ ಅನ್ನ ಬದಲಾಗ್ತದೆ.

ಗೇಣಿಯಲ್ಲಿ ಎರಡು ಬಗೆ. ಮೂಲಗೇಣಿ ಅಂದರೆ ಶಾಶ್ವತ. ಅನೇಕ ಕಡೆ ಮೊದಲಿಗೆ ಒಂದು ಇಡಿಗಂಟು ಕೊಡಬೇಕು, ಆಮೇಲೆ ವರ್ಷ ವರ್ಷ ಗೊತ್ತು ಮಾಡಿದ ಗೇಣಿ. ಧಣಿ ಅದನ್ನು ಏರಿಸುವ ಹಾಗಿಲ್ಲ, ಒಕ್ಕಲನ್ನು ಏಳಿಸುವ ಹಾಗಿಲ್ಲ, ಮಕ್ಕಳಿಗೆ ಮುಂದುವರಿಯುತ್ತದೆ. ಚಾಲಗೇಣಿ ಅಂದರೆ ಧಣಿಯ ಇಷ್ಟ. ಈ ವರ್ಷ ಹತ್ತು ಮುಡಿ, ಬರುವ ವರ್ಷ ಹನ್ನೆರಡು, ಒಪ್ಪದಿದ್ದರೆ ಬೇರೆಯವರಿಗೆ. ಮೂಲಗೇಣಿಗೆ ಇಡಿಗಂಟು ಕೊಟ್ಟದ್ದು ಯಾಕೆ? ಗೇಣಿ ಏರುವುದಿಲ್ಲ ಅನ್ನುವ ಭರವಸೆಗೆ. ಈ ಮಾತು ನೆನಪಿನಲ್ಲಿಡಿ, ಮತ್ತೆ ಬರ್ತೇನೆ.

ಕುಟುಂಬದ ಲೆಕ್ಕಕ್ಕೆ ವಾಪಸ್ ಬರೋಣ. ಪಕ್ಕದ ಮಲಬಾರಿನಲ್ಲಿ ಮರುಮಕ್ಕತ್ತಾಯದವರದ್ದೂ ಇದೇ ತಲೆನೋವು. ಅಲ್ಲಿ ಕಾರಣವರ್ ಅಂದರೆ ನಮ್ಮ ಯಜಮಾನರು. ಮದರಾಸಿನ ಮರುಮಕ್ಕತ್ತಾಯಂ ಕಾಯ್ದೆ 1933ರಲ್ಲಿ ಬಂತು. ಅದರಲ್ಲಿ ಕಾರಣವರ್ ಆಸ್ತಿಯ ಪಟ್ಟಿ ಮಾಡಿಡಬೇಕು, ಆದಾಯ ಖರ್ಚಿನ ಸರಿಯಾದ ಲೆಕ್ಕ ಇಡಬೇಕು, ವರ್ಷಕ್ಕೊಮ್ಮೆ ಅದನ್ನು ತರವಾಡು ಮನೆಯಲ್ಲಿ ಪ್ರಾಯಕ್ಕೆ ಬಂದ ಸದಸ್ಯರು ನೋಡುವಂತೆ ಇಡಬೇಕು ಅಂತ ಬರೆದರು. ತಾವಳಿಗಳಿಗೆ, ಅಂದರೆ ಕುಟುಂಬದ ಶಾಖೆಗಳಿಗೆ, ಪಾಲು ಕೇಳುವ ಹಕ್ಕೂ ಬಂತು. ಅಳಿಯಸಂತಾನದವರು ಇನ್ನೂ 16 ವರ್ಷ ಕಾದರು. ಮದರಾಸಿನ ಅಳಿಯಸಂತಾನ ಕಾಯ್ದೆ ಬಂದದ್ದು 1949ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ.

1863ರ ಮುಚ್ಚಿದ ಬಾಗಿಲನ್ನು 1949ರ ಕಾಯ್ದೆಯ 35ನೇ ಕಲಮು ಅರ್ಧ ತೆರೆಯಿತು. ಅರ್ಧ ಅಂತ ಯಾಕೆ ಹೇಳಿದೆ ಅಂದರೆ, ಪಾಲು ಕೇಳಬಹುದಾದದ್ದು ಒಬ್ಬ ಮನುಷ್ಯ ಅಲ್ಲ, ಕವರು. ಕವರು ಅಂದರೆ ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಸಾಲಿನ ಸಂತತಿ. ಆ ಕವರಿನ ಪ್ರಾಯಸ್ಥರಲ್ಲಿ ಹೆಚ್ಚಿನವರು ಸೇರಿ ಕೇಳಬೇಕು. ಎಲ್ಲರಿಗೂ ಸಮಾನಳಾದ ಅಜ್ಜಿ 50 ವರ್ಷ ದಾಟದೆ ಬದುಕಿದ್ದರೆ, ಅವಳ ಒಪ್ಪಿಗೆಯಂಥ ಷರತ್ತುಗಳೂ ಇದ್ದವು.

ಇನ್ನೊಂದು ವಿಚಿತ್ರ ಏರ್ಪಾಡು, ಸಂತತಿ ಕವರು ಮತ್ತು ನಿಸ್ಸಂತತಿ ಕವರು ಅಂತ. ಕವರಿನಲ್ಲಿ 50 ವರ್ಷ ತುಂಬದ ಒಬ್ಬಳಾದರೂ ಹೆಂಗಸಿದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ. ಉದಾಹರಣೆಗೆ ಅಕ್ಕತಂಗಿಯರಿಲ್ಲದ ಇಬ್ಬರು ಅಣ್ಣತಮ್ಮಂದಿರು, ತಾಯಿ ತೀರಿಹೋಗಿದ್ದಾಳೆ. ಅವರಿಗೆ ಎಷ್ಟು ಮಕ್ಕಳಿದ್ದರೂ ಕಾನೂನಿನ ಕಣ್ಣಿಗೆ ಸಂತತಿ ಇಲ್ಲ! ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದರೆ ಇವರಿಗೆ ಸಿಗುವ ಪಾಲು ಬದುಕಿರುವವರೆಗೆ ಮಾತ್ರ. ಸತ್ತ ಮೇಲೆ ಅದು ಹಿಂದಕ್ಕೆ ಹೋಗ್ತದೆ. ಪಾಲುಪಟ್ಟಿಯಲ್ಲಿ ಇಂಥ ಗದ್ದೆ, ಇಂಥ ಬಾಕಿಮಾರು ಅಂತ ಎಲ್ಲರದ್ದೂ ಒಂದೇ ಥರ ಬರೆದಿರುತ್ತದೆ. ಒಬ್ಬನದ್ದು ಒಡೆತನ, ಇನ್ನೊಬ್ಬನದ್ದು ಆಯುಷ್ಯದಷ್ಟು ಅನುಭವ. ಓದಿದರೆ ಗೊತ್ತಾಗುವುದಿಲ್ಲ.

ಕೋರ್ಟುಗಳನ್ನು ದಶಕಗಟ್ಟಲೆ ತುಂಬಿಸಿದ್ದು ಈ ಕಾಗದಗಳೇ. 1949ಕ್ಕೆ ಮೊದಲು ಪಾಲು ಮಾಡಿಕೊಳ್ಳಲು ಆಗದ ಮನೆಗಳು ಅನುಕೂಲಕ್ಕೆ ಅಂತ ಒಪ್ಪಂದ ಮಾಡಿಕೊಂಡಿದ್ದವು. ಈ ಗದ್ದೆಯನ್ನು ಈ ಕವರಿನವರು ಅನುಭವಿಸುವುದು, ಆ ತೋಟವನ್ನು ಆ ಕವರಿನವರು, ಆದರೆ ಕುಟುಂಬ ಒಂದೇ, ಇದು ಪಾಲು ಅಲ್ಲ, ಅಂತ. ಹೊಸ ಕಾಯ್ದೆ ಏನು ಹೇಳಿತೆಂದರೆ, ಎಲ್ಲ ಪ್ರಾಯಸ್ಥರೂ ಸೇರಿ, ರಿಜಿಸ್ಟರ್ ಮಾಡಿ, ಇಡೀ ಆಸ್ತಿಯನ್ನು ಶಾಶ್ವತವಾಗಿ ಬೇರೆ ಬೇರೆಯಾಗಿ ಪೂರ್ಣ ಹಕ್ಕಿನಿಂದ ಅನುಭವಿಸಲು ಹಂಚಿಕೊಂಡಿದ್ದರೆ, ಕಾಗದಕ್ಕೆ ನೀವು ಏನೇ ಹೆಸರು ಕೊಟ್ಟಿರಿ, ಅದು ಪಾಲೇ. ಈ ಒಂದು ಮಾತು ನನಗೆ ಬಹಳ ಹಿಡಿಸಿತು. ಕಾಗದದ ತಲೆಬರಹ ನೋಡಬೇಡಿ, ಕೈಗೆ ಏನು ಸಿಕ್ಕಿತು ಅಂತ ನೋಡಿ ಅಂತ ಶಾಸನವೇ ಹೇಳಿದ್ದು.

1956ರ ಹಿಂದೂ ವಾರಸಾ ಕಾಯ್ದೆ ಉಳಿದರ್ಧ ಬಾಗಿಲನ್ನೂ ತೆರೆಯಿತು. ಅಳಿಯಸಂತಾನದ ಸದಸ್ಯ ಸತ್ತರೆ, ಸಾಯುವ ಮೊದಲಿನ ಕ್ಷಣದಲ್ಲಿ ಪಾಲಾಗಿದ್ದರೆ ಅವನಿಗೆ ತಲೆಗೆ ಎಷ್ಟು ಬರುತ್ತಿತ್ತೋ ಅಷ್ಟು ಅವನದ್ದೇ ಅಂತ ಎಣಿಸಿ ವಾರಸುದಾರರಿಗೆ ಹೋಗಬೇಕು, ಆ ಪಾಲು ಪೂರ್ಣ ಹಕ್ಕಿನದ್ದು. ಹೆಂಡತಿ ಮಕ್ಕಳು ಮೊದಲ ಬಾರಿಗೆ ಲೆಕ್ಕಕ್ಕೆ ಬಂದರು. ಈ ಕಲಮಿನ ಅರ್ಥದ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, ಸುಂದರಿ ವಿರುದ್ಧ ಲಕ್ಷ್ಮಿ ಪ್ರಕರಣದಲ್ಲಿ 1979ರಲ್ಲಿ ತೀರ್ಪಾಯಿತು. ಅಷ್ಟರಲ್ಲಿ 1974ರ ಮಾರ್ಚ್ 1ಕ್ಕೆ ಭೂಸುಧಾರಣೆ ಜಾರಿಯಾಗಿ, ಒಕ್ಕಲುಗಳು ಫಾರ್ಮ್ 7ರಲ್ಲಿ ಡಿಕ್ಲರೇಶನ್ ಕೊಟ್ಟು, ಗೇಣಿ ಗದ್ದೆಗಳೇ ಉಳುವವರ ಕೈಗೆ ಹೋಗಿದ್ದವು. ಪಾಲು ಕೇಳುವ ಹಕ್ಕು ಪೂರ್ತಿ ಸಿಕ್ಕುವಾಗ ಎಷ್ಟೋ ಕುಟುಂಬಗಳಿಗೆ ಪಾಲು ಮಾಡಲಿಕ್ಕೆ ಗದ್ದೆಯೇ ಉಳಿದಿರಲಿಲ್ಲ. ಉಳಿದದ್ದು ಮನೆ ಮತ್ತು ದೈವ. ಅದನ್ನು ಈಗಲೂ ಯಾರೂ ಪಾಲು ಮಾಡುವುದಿಲ್ಲ. ಆದರೆ ನಡೆಸುವ ರೀತಿ ಬದಲಾಗಿದೆ. ನೇಮ ಆದ ವಾರದೊಳಗೆ ಹೂವಿಗೆ ಎಷ್ಟು, ಎಣ್ಣೆಗೆ ಎಷ್ಟು, ಊಟಕ್ಕೆ ಎಷ್ಟು ಅಂತ ಲೆಕ್ಕ ಬರೆದ ಹಾಳೆಯ ಫೋಟೋ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬೀಳ್ತದೆ. ದುಬೈಯಲ್ಲಿರುವ ಅಳಿಯ "ಶಾಮಿಯಾನಕ್ಕೆ ಇಷ್ಟು ಯಾಕೆ ಮಾಮ?" ಅಂತ ಕೇಳ್ತಾನೆ, ಮಾಮ ಉತ್ತರ ಕೊಡ್ತಾರೆ. ಮನೆಯೇನೂ ಮುರಿಯಲಿಲ್ಲ.

ಈಗ ಪಾಯಿಂಟ್. ಇದು ಅಮೆರಿಕದವರು ಕಂಡುಹಿಡಿದದ್ದು ಅಂತ ತುಂಬ ಜನ ತಿಳಿದಿದ್ದಾರೆ. ಸ್ವಿಟ್ಜರ್ಲೆಂಡ್‌ನ ಹಾಪಿಮಾಗ್ ಅನ್ನುವ ಸಂಸ್ಥೆ 1963ರಲ್ಲೇ ಇದನ್ನು ಶುರುಮಾಡಿತ್ತು. ಜನ ಶೇರು ಕೊಂಡರು, ಆ ಹಣದಲ್ಲಿ ಸಂಸ್ಥೆ ಅಲ್ಲಲ್ಲಿ ಮನೆಗಳನ್ನು ಕೊಂಡಿತು, ಶೇರುದಾರರಿಗೆ ವರ್ಷ ವರ್ಷ ಪಾಯಿಂಟ್ ಕೊಟ್ಟಿತು. ಬೇಸಗೆಯಲ್ಲಿ ಸಮುದ್ರದ ಹತ್ತಿರದ ಮನೆಗೆ ಹೆಚ್ಚು ಪಾಯಿಂಟ್, ಮಳೆಗಾಲದ ಮನೆಗೆ ಕಡಿಮೆ. ಡಿಸ್ನಿಯವರು 1991ರಲ್ಲಿ ಪಾಯಿಂಟ್ ಕ್ಲಬ್ ತೆರೆದರು. ನಮ್ಮ ದೇಶದಲ್ಲಿ ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್ 1986ರಲ್ಲಿ, ಮಹೀಂದ್ರಾ ಹಾಲಿಡೇಸ್ 1996ರಲ್ಲಿ ಬಂದವು. ಮಹೀಂದ್ರಾದ್ದು ಮೊದಲಿಗೆ ಪಾಯಿಂಟ್ ಅಲ್ಲ, ಬಣ್ಣ. ನೇರಳೆ, ಕೆಂಪು, ಬಿಳಿ, ನೀಲಿ ಅಂತ ಋತುಗಳನ್ನು ವಿಂಗಡಿಸಿ, ವರ್ಷಕ್ಕೆ 7 ದಿನದಂತೆ 25 ವರ್ಷ. ನಮ್ಮ ಕಡೆಯವರಿಗೆ ಮಡಿಕೇರಿಯ ರೆಸಾರ್ಟ್‌ನಿಂದಾಗಿ ಆ ಹೆಸರು ಪರಿಚಯ.

ಪಾಯಿಂಟ್ ಪದ್ಧತಿ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಪ್ರತಿ ವರ್ಷ ಜುಲೈ ಎರಡನೇ ವಾರ, ಅದೇ ಕೋಣೆ ಅಂತ ಕಟ್ಟಿಹಾಕಿಕೊಳ್ಳುವುದಕ್ಕಿಂತ ಇದು ಹಗುರ. ಮಕ್ಕಳ ಪರೀಕ್ಷೆ, ಮದುವೆ, ಮಳೆ ನೋಡಿಕೊಂಡು ಹೋಗಬಹುದು. ಆದರೆ ಒಂದು ಪಾಯಿಂಟ್ ಅಂದರೆ ಎಷ್ಟು?

ಕಳೆದ ವರ್ಷ ಬಿ.ಸಿ.ರೋಡಿನಲ್ಲಿರುವ ನನ್ನ ದೊಡ್ಡಮ್ಮನ ಮಗನಿಗೆ, ಮಾಲ್‌ನಲ್ಲಿ ತುಂಬಿಸಿದ ಒಂದು ಕೂಪನ್ನಿನ ನೆಪದಲ್ಲಿ, ಮಂಗಳೂರಿನ ಹೋಟೆಲೊಂದಕ್ಕೆ ಕರೆ ಬಂತು. ಗಂಡ ಹೆಂಡತಿ ಇಬ್ಬರೂ ಬರಲೇಬೇಕಂತೆ, ಊಟ ಫ್ರೀ, ಉಡುಗೊರೆ ಫ್ರೀ. ದೊಡ್ಡಮ್ಮನೂ ಹೋದರು, ನಾನೂ ಡ್ರೈವರ್ ಲೆಕ್ಕದಲ್ಲಿ ಹೋದೆ. ಎರಡೂವರೆ ಗಂಟೆ ಕೂರಿಸಿದರು. ಇವತ್ತೇ ಸಹಿ ಹಾಕಿದರೆ ಅರ್ಧ ಬೆಲೆ, ನಾಳೆಗೆ ಇಲ್ಲ. ಅಣ್ಣ ಕೊನೆಗೆ ಕೇಳಿದ, "ಈಗ ಕ್ರಿಸ್‌ಮಸ್ ರಜೆಗೆ ಒಂದು ರಾತ್ರಿಗೆ ಇಷ್ಟು ಪಾಯಿಂಟ್ ಅಂತ ಹಾಕಿದ್ದೀರಿ. ಐದು ವರ್ಷ ಬಿಟ್ಟು ಎಷ್ಟು?" ಹುಡುಗ ಸಭ್ಯ, ನಗುತ್ತಲೇ ಹೇಳಿದ, "ಅದು ಮ್ಯಾನೇಜ್‌ಮೆಂಟ್ ಕಾಲಕಾಲಕ್ಕೆ ಡಿಸೈಡ್ ಮಾಡ್ತದೆ ಸರ್." ಅಲ್ಲಿವರೆಗೆ ಐಸ್‌ಕ್ರೀಂ ತಿನ್ನುತ್ತಿದ್ದ ದೊಡ್ಡಮ್ಮ ತಲೆ ಎತ್ತಿ, "ನಮ್ಮ ದೊಡ್ಡ ಮಾಮ ಕೂಡ ಹಾಗೇ ಹೇಳ್ತಿದ್ರು ಮಾರಾಯ" ಅಂದರು.

ದೊಡ್ಡಮ್ಮ ಹೇಳಿದ್ದರಲ್ಲೇ ಎಲ್ಲ ಬಂತು, ಆದರೂ ಲೆಕ್ಕ ಮಾಡಿ ನೋಡೋಣ. ನಿಮಗೆ ವರ್ಷಕ್ಕೆ 1000 ಪಾಯಿಂಟ್ ಅಂತ ಇಟ್ಟುಕೊಳ್ಳಿ. ರಜಾ ದಿನಗಳಲ್ಲಿ ಒಂದು ರಾತ್ರಿಗೆ 200. ಐದು ರಾತ್ರಿ ಆಯಿತು. ಕಂಪೆನಿ ಪಟ್ಟಿ ಬದಲಾಯಿಸಿ 250 ಮಾಡಿದರೆ ನಾಲ್ಕು ರಾತ್ರಿ. ನಿಮ್ಮ ಸರ್ಟಿಫಿಕೇಟಿನಲ್ಲಿ 1000 ಅಂತಲೇ ಇರ್ತದೆ, ಯಾರೂ ನಿಮ್ಮ ಪಾಯಿಂಟ್ ಕದಿಯಲಿಲ್ಲ. ಐದನೇ ಒಂದು ಪಾಲು ರಜೆ ಮಾತ್ರ ಕಾಣೆ. ಮುಡಿಯ ಅಂಕಿ ಅದೇ, ಸೇರು ಬೇರೆ. ವರ್ಷದ ಮೇಂಟೆನೆನ್ಸ್ ಫೀಸು ಹೋದರೂ ಹೋಗದಿದ್ದರೂ ಕಟ್ಟಬೇಕು, ಅದೂ ಏರುತ್ತಾ ಹೋಗ್ತದೆ, ಯಾವ ಖರ್ಚಿಗೆ ಎಷ್ಟು ಅನ್ನುವ ಲೆಕ್ಕ ನಿಮ್ಮ ಕೈಗೆ ಬರುವುದು ಕಷ್ಟ.

ಅಂದರೆ ಮಾರುವಾಗ ಇಡಿಗಂಟು ತೆಗೆದುಕೊಳ್ಳುವುದು ಮೂಲಗೇಣಿಯ ಲೆಕ್ಕದಲ್ಲಿ, ಕೊಡುವುದು ಚಾಲಗೇಣಿ. ನಮ್ಮ ಅಜ್ಜಂದಿರಲ್ಲಿ ಯಾರೂ ಈ ವ್ಯಾಪಾರ ಮಾಡುತ್ತಿರಲಿಲ್ಲ. ಚಾಲಗೇಣಿಗೆ ಹೋಗುವವ ಮುಂಗಡ ಲಕ್ಷ ಸುರಿಯುವುದುಂಟೇ?

ಪಟ್ಟಿ ಬದಲಾಯಿಸುವುದೇ ತಪ್ಪು ಅಂತಲ್ಲ. ಡಿಸ್ನಿ ಕ್ಲಬ್‌ನಲ್ಲಿ ಒಂದು ಕಟ್ಟು ಹಾಕಿದ್ದಾರೆ. ಒಂದು ಕಟ್ಟಡಕ್ಕೆ ಇಡೀ ವರ್ಷಕ್ಕೆ ಸೇರಿ ಇಷ್ಟೇ ಪಾಯಿಂಟ್ ಅಂತ ಮೊದಲೇ ಗೊತ್ತುಮಾಡಿ ದಾಖಲೆ ಮಾಡಿರುತ್ತಾರೆ. ಶನಿವಾರಕ್ಕೆ ಏರಿಸಿದರೆ ಇನ್ನೊಂದು ದಿನಕ್ಕೆ ಅಷ್ಟೇ ಇಳಿಸಬೇಕು. ಒಟ್ಟು ಮೊತ್ತ ಏರುವ ಹಾಗಿಲ್ಲ. ಅಲ್ಲೂ ಮೆಂಬರುಗಳ ಗೊಣಗಾಟ ಇದ್ದೇ ಇದೆ, ರಜಾ ದಿನಕ್ಕೇ ಎಲ್ಲರೂ ಬರುವುದಲ್ಲವಾ? ಆದರೂ ಜಗಳ ಮಾಡಲಿಕ್ಕೆ ಎದುರಿಗೆ ಒಂದು ಅಂಕಿ ಇದೆ. ಕೂಡಿಸಿ ನೋಡಬಹುದು.

ಸ್ಪೇನ್ ದೇಶದ ಕಥೆ ನಮ್ಮ 1949ರ ಕಾಯ್ದೆಯನ್ನು ನೆನಪಿಸುತ್ತದೆ. ಅಲ್ಲಿ 1998ರಲ್ಲಿ ಟೈಮ್‌ಶೇರಿಗೆಂದೇ ಕಾಯ್ದೆ ಬಂತು, ಕರಾರು 50 ವರ್ಷ ಮೀರಬಾರದು, ಕೊಳ್ಳುವ ವಸ್ತು ಯಾವುದು ಅಂತ ಸ್ಪಷ್ಟವಾಗಿರಬೇಕು. ಆದರೂ ಕಂಪೆನಿಗಳು ಇಂಥದ್ದೇ ವಾರ, ಇಂಥದ್ದೇ ಕೋಣೆ ಅಂತ ಹೇಳದ ತೇಲುವ ವಾರಗಳನ್ನು ಮಾರುತ್ತಾ ಹೋದವು. 2015ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಮಾರಿದ್ದು ಏನು ಅಂತಲೇ ನಿಗದಿಯಾಗದ ಕರಾರು ಅಸಿಂಧು ಅಂತ ತೀರ್ಪು ಕೊಟ್ಟಿತು. ಅದರ ಬೆನ್ನಿಗೆ ಎಷ್ಟೋ ಜನ ಹಣ ವಾಪಸ್ ಕೇಳಿ ಕೋರ್ಟಿಗೆ ಹೋದರು. ಯುರೋಪಿನ ಒಕ್ಕೂಟ 2008ರ ನಿರ್ದೇಶನದಲ್ಲಿ 14 ದಿನ ಕೊಟ್ಟಿದೆ. ಸಹಿ ಹಾಕಿದ ಮೇಲೂ ಮನೆಗೆ ಹೋಗಿ ಯೋಚಿಸಿ, ಕಾರಣ ಹೇಳದೆ ಬಿಟ್ಟುಬಿಡಬಹುದು. ಆ 14 ದಿನ ಕಂಪೆನಿ ಮುಂಗಡ ಒಂದು ಪೈಸೆ ಮುಟ್ಟುವ ಹಾಗಿಲ್ಲ. ಹೋಟೆಲಿನಲ್ಲಿ ಎರಡೂವರೆ ಗಂಟೆ ಕೂರಿಸಿ "ಇವತ್ತೇ" ಅನ್ನುವ ಆಟಕ್ಕೆ ಇದೇ ಮದ್ದು.

ನಮ್ಮಲ್ಲಿ ಟೈಮ್‌ಶೇರಿಗೆ ಅಂತಲೇ ಪ್ರತ್ಯೇಕ ಕಾಯ್ದೆ ಇಲ್ಲ. ಇಲ್ಲದಿದ್ದರೆ ಏನಾಗ್ತದೆ ಅನ್ನುವುದಕ್ಕೆ ಪ್ಯಾನ್‌ಕಾರ್ಡ್ ಕ್ಲಬ್ಸ್ ನೋಡಿದರೆ ಸಾಕು. ಮುಂಬೈಯ ಈ ಕಂಪೆನಿ ಮಾರುತ್ತಿದ್ದದ್ದು 'ರೂಮ್ ನೈಟ್'. ಹೆಸರಿಗೆ ರಜೆ, ಉಳಿದುಕೊಳ್ಳದಿದ್ದರೆ ಅವಧಿ ಮುಗಿದಾಗ ಹೆಚ್ಚಿಗೆ ಸೇರಿಸಿ ಹಣ ವಾಪಸ್ ಅನ್ನುವ ಆಸೆ. 2016ರ ಫೆಬ್ರವರಿ 29ರಂದು ಸೆಬಿ ಆದೇಶ ಹೊರಡಿಸಿತು. ಇದು ರಜೆಯ ಮಾರಾಟ ಅಲ್ಲ, ಅನುಮತಿ ಇಲ್ಲದೆ ನಡೆಸಿದ ಸಾಮೂಹಿಕ ಹೂಡಿಕೆ ಯೋಜನೆ, 51 ಲಕ್ಷಕ್ಕೂ ಹೆಚ್ಚು ಜನರಿಂದ ಎತ್ತಿದ 7,035 ಕೋಟಿ ರೂಪಾಯಿ ವಾಪಸ್ ಕೊಡಿ ಅಂತ. ಕಾಗದದ ತಲೆಬರಹ ಬಿಟ್ಟು ಒಳಗಿದ್ದದ್ದನ್ನು ನೋಡಿದರು, ಒಳ್ಳೆಯದಾಯಿತು. ಆದರೆ ನೋಡುವಷ್ಟರಲ್ಲಿ ಹಣ ಹೋಗಿಯಾಗಿತ್ತು. ಇದನ್ನು ಬರೆದದ್ದು ಎಲ್ಲ ಕಂಪೆನಿಗಳೂ ಹೀಗೆ ಅನ್ನಲಿಕ್ಕಲ್ಲ. ಉಳಿದುಕೊಳ್ಳಲು ನಿಜವಾಗಿ ಕೋಣೆ ಕೊಡುವ ಕಂಪೆನಿಗಳು ಬೇರೆ. ಕೊಳ್ಳುವವರಿಗೆ ಎರಡರ ವ್ಯತ್ಯಾಸ ಕಾಗದದಲ್ಲಿ ಕಾಣುವುದಿಲ್ಲ ಅನ್ನುವುದೇ ತೊಂದರೆ.

ಇರುವ ದಾರಿ ಗ್ರಾಹಕರ ಆಯೋಗ. ಸೇವೆ ಕೊಡಲಿಲ್ಲ, ಹೇಳಿದ್ದು ಒಂದು ಮಾಡಿದ್ದು ಒಂದು ಅನ್ನುವ ದೂರನ್ನು ಮಂಗಳೂರಿನ ಜಿಲ್ಲಾ ಆಯೋಗದಲ್ಲೇ ಹಾಕಬಹುದು. 2019ರ ಗ್ರಾಹಕರ ಕಾಯ್ದೆ 'ಅನ್ಯಾಯದ ಕರಾರು' ಅನ್ನುವ ಹೊಸ ದೂರಿಗೂ ಅವಕಾಶ ಮಾಡಿತು. ಗ್ರಾಹಕನ ಹಕ್ಕಿನಲ್ಲಿ ದೊಡ್ಡ ಏರುಪೇರು ಮಾಡುವ ಷರತ್ತುಗಳನ್ನು, ಉದಾಹರಣೆಗೆ ಸರಿಯಾದ ಕಾರಣ ಇಲ್ಲದೆ ಒಂದೇ ಕಡೆಯವರು ಕರಾರು ಮುರಿಯುವ ಅಧಿಕಾರವನ್ನು, ಪ್ರಶ್ನಿಸಬಹುದು. ಆದರೆ ಇದನ್ನು ಜಿಲ್ಲಾ ಆಯೋಗ ಕೇಳುವ ಹಾಗಿಲ್ಲ, ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು. ಬೆಳ್ತಂಗಡಿಯ ಒಬ್ಬ ಮೇಷ್ಟ್ರು ಎರಡು ಲಕ್ಷದ ಮೆಂಬರ್‌ಶಿಪ್ಪಿಗೆ ಎಷ್ಟು ಸಲ ಘಾಟಿ ಹತ್ತಿ ಇಳಿಯಬಹುದು?

ನನ್ನ ಮಟ್ಟಿಗೆ ಕಂಪೆನಿಗಳಿಂದ ಬರಬೇಕಾದದ್ದು ಮೂರು ಕಾಗದ. ಒಟ್ಟು ಎಷ್ಟು ಪಾಯಿಂಟ್ ಮಾರಿದ್ದೀರಿ, ಅದಕ್ಕೆ ಎದುರಾಗಿ ಎಷ್ಟು ಕೋಣೆ ಉಂಟು ಅನ್ನುವುದು ಒಂದು. ಕಳೆದ ವರ್ಷಗಳಲ್ಲಿ ಪಾಯಿಂಟ್ ಪಟ್ಟಿ ಹೇಗೆ ಬದಲಾಗಿದೆ ಅನ್ನುವುದು ಇನ್ನೊಂದು. ಬೇಡ ಅಂತ ಹೊರಟರೆ ಎಷ್ಟು ವಾಪಸ್ ಕೊಡ್ತೀರಿ ಅನ್ನುವುದು ಮೂರನೆಯದು. ಕಾರಣವರಿಂದ 1933ರಲ್ಲೇ ಕೇಳಿದ ಪಟ್ಟಿ, ಲೆಕ್ಕ, ಪಾಲು ಇವೇ ಅಲ್ಲವೇ?

ಅಣ್ಣ ಅವತ್ತು ಸಹಿ ಹಾಕಲಿಲ್ಲ. ಕಳೆದ ಮೂರು ವರ್ಷದ ಪಾಯಿಂಟ್ ಪಟ್ಟಿ ಕಳಿಸಿ, ನೋಡಿ ಹೇಳ್ತೇನೆ ಅಂತ ಇಮೇಲ್ ಹಾಕಿದ. ಪಟ್ಟಿ ಇನ್ನೂ ಬಂದಿಲ್ಲ. ಫೋನ್ ಮಾತ್ರ ವಾರಕ್ಕೆ ಎರಡು ಸಲ ಬರ್ತಾ ಉಂಟು, ಇನ್ನೂ ಇಪ್ಪತ್ತು ಸಾವಿರ ಕಡಿಮೆ ಮಾಡ್ತಾರಂತೆ.